ಹಿಡಿ ಎಳೆದವರು ಯಾರು

ಬೈಂಡಿಂಗ್ ಅಂಗಡಿಯಿಂದ
ಮಂಗಳವಾರ, ತಾರೀಖು ಹದಿನಾಲ್ಕು

ಪ್ರೀತಿಯ ಚೂಟಿ,

ನಿನ್ನ ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಬೇಕೆಂದೇ ಹತ್ತು ಸಲ ಹತ್ತುವವಳು ನೀನು, ಅದಕ್ಕೇ ಮೊದಲು ಅದನ್ನು ಕೇಳುತ್ತಿದ್ದೇನೆ. ಬಾಣಂತಿಗೆ ಸ್ವಲ್ಪವಾದರೂ ನಿದ್ದೆ ಸಿಗುತ್ತಿದೆಯೇ? ಮೊಮ್ಮಗನ ಮೂಗು ಯಾರದೆಂದು ನೀನು ಬರೆಯಲೇ ಇಲ್ಲ. ನಮ್ಮ ಅಪ್ಪನದಾಗದಿದ್ದರೆ ಸಾಕು, ಆ ಮೂಗು ಹೊತ್ತು ನಾನು ಅರವತ್ಮೂರು ವರ್ಷ ತಿರುಗಿದ್ದೇನೆ. ನಾವಿಲ್ಲಿ ಆರಾಮ. ನಿನ್ನ ಅತ್ತಿಗೆ ಮಾತ್ರ, ತಟ್ಟೆ ಮುಂದೆ ಕೂತು ಗೋಡೆ ನೋಡ್ತೀರಲ್ಲ, ಗೋಡೆ ಹೊಟ್ಟೆ ತುಂಬಿಸುತ್ತಾ ಎಂದು ದಿನಾ ಗೊಣಗುತ್ತಾಳೆ.

ಗೋಡೆ ನೋಡುವುದಕ್ಕೆ ನಿನ್ನ ಕಾಗದವೇ ಕಾರಣ. 'ಮಗು ಹುಟ್ಟಿ ಮೂರು ವಾರವಾಯಿತು, ನಾನಿನ್ನೂ ಎತ್ತಿಕೊಂಡಿಲ್ಲ. ನನ್ನ ಕೈಯನ್ನು ನಾನು ನಂಬುವುದಿಲ್ಲ, ನಿನಗೇ ಗೊತ್ತಲ್ಲ ಅಣ್ಣಾ' ಎಂದು ಒಂದೇ ಸಾಲಿನಲ್ಲಿ ಬರೆದು, ಮುಂದಿನ ಸಾಲಿಗೇ ನಲ್ಲಿ ಸೋರುವ ವಿಷಯಕ್ಕೆ ಹೋಗಿದ್ದೀಯ. ಅಮ್ಮನಿಗೆ ಮಗು ಇಷ್ಟವಾಗಿಲ್ಲವೇನೋ ಎಂದು ಮಗಳು ಅತ್ತಳಂತೆ, ಅದನ್ನೂ ನಲ್ಲಿಯ ನಡುವೆ ಸೇರಿಸಿದ್ದೀಯ. ನಿನ್ನ ಮಗಳನ್ನೂ ನೀನು ನೆಲದ ಮೇಲೆ ಕೂತೇ ಎತ್ತಿಕೊಂಡೆ, ಸ್ನಾನ ಮಾಡಿಸಿದ್ದೆಲ್ಲ ಭಾವನವರು. ಆಗ ನಾವೆಲ್ಲ ನಗುತ್ತಿದ್ದೆವು. 'ನಿನಗೇ ಗೊತ್ತಲ್ಲ' ಎಂಬ ಮಾತನ್ನು ಈ ಬಾರಿ ನಾಲ್ಕು ಸಲ ಓದಿದೆ.

ಉತ್ತರಕ್ಕೆ ಎರಡು ವಾರ ಹಿಡಿದದ್ದಕ್ಕೆ ಇನ್ನೊಂದು ಕಾರಣವಿದೆ. ನಮ್ಮಲ್ಲಿ ಪ್ರಬಂಧ ಬೈಂಡ್ ಮಾಡಿಸಲು ಬರುವ ಮಿದುಳಿನ ಡಾಕ್ಟರಮ್ಮ ಒಬ್ಬರಿದ್ದಾರೆ. ಅವರ ಪ್ರಯೋಗಕ್ಕೆ ಅರವತ್ತು ದಾಟಿದವರು ಬೇಕಾಗಿತ್ತಂತೆ, ಹೋದೆ. ನನ್ನ ಬೋಳು ತಲೆ ಕಂಡು ಅವರಿಗೆ ಖುಷಿಯೋ ಖುಷಿ, ತಂತಿ ಅಂಟಿಸಲು ಸಲೀಸಂತೆ. ಎದುರಿಗೆ ಒಂದು ಪರದೆ, ಅದರ ಮೇಲೆ ಗಡಿಯಾರದ ಮುಳ್ಳಿನಂತೆ ಸುತ್ತುವ ಚುಕ್ಕೆ. ಮನಸ್ಸು ಬಂದಾಗ ಗುಂಡಿ ಒತ್ತಬೇಕು, ಒತ್ತೋಣ ಅನಿಸಿದ ಕ್ಷಣಕ್ಕೆ ಚುಕ್ಕೆ ಎಲ್ಲಿತ್ತೆಂದು ಹೇಳಬೇಕು. ಇಷ್ಟೇ ಕೆಲಸ. ಮುಗಿದ ಮೇಲೆ ಅವರು ತಲೆಯ ತಂತಿಗಳಿಂದ ಮೂಡಿದ ಗೆರೆಗಳನ್ನು ತೋರಿಸಿದರು. ಒತ್ತೋಣ ಎಂದು ನನಗೆ ಅನಿಸುವ ಮೊದಲೇ ತಲೆಯೊಳಗೆ ಗೆರೆ ಏರಲು ಶುರುವಾಗಿತ್ತು. ಹಾಗಾದ್ರೆ ಒತ್ತಿದ್ದು ನಾನಲ್ವಾ ಎಂದು ಕೇಳಿದೆ. ಅದಕ್ಕೇ ಎಲ್ಲರೂ ಜಗಳ ಆಡ್ತಿರೋದು, ನಾವು ಗಾಡಿ ಓಡಿಸ್ತಾ ಇಲ್ಲ, ಕಿಟಕಿ ಪಕ್ಕ ಕೂತಿದೀವಿ ಅಷ್ಟೇ ಅಂತ ಕೆಲವರು ಹೇಳ್ತಾರೆ, ಕೆಲವರು ಸುತರಾಂ ಒಪ್ಪಲ್ಲ, ಎಂದರು.

ಗಾಡಿ ಓಡಿಸುವವರು ನಾವಲ್ಲ ಎಂಬುದನ್ನು ನಾನು ಆ ಕ್ಷಣವೇ ಒಪ್ಪಿಬಿಟ್ಟೆ. ಮನೆಗೆ ಹೇಗೆ ನಡೆದು ಬಂದೆನೋ ಗೊತ್ತಿಲ್ಲ, ಅಷ್ಟು ಹಗುರವಾಗಿದ್ದೆ. ಅಂದು ಎರಡು ಸಲ ಬಡಿಸಿಕೊಂಡು ಉಂಡೆ. ನಿನಗೇನಪ್ಪ ಅಂಥ ಭಾರ ಎಂದು ಕೇಳುತ್ತೀಯ.

ಕಟಿಂಗ್ ಮಷೀನಿನ ಹತ್ತಿರ ಅಪ್ಪನ ಕಟ್ಟಳೆ ನೆನಪಿದೆಯಲ್ಲ. ಒಬ್ಬರು ಕಾಗದದ ಕಟ್ಟನ್ನು ಬ್ಲೇಡಿನ ಕೆಳಗೆ ಜೋಡಿಸಬೇಕು, ಇನ್ನೊಬ್ಬರು ಹಿಡಿ ಎಳೆಯಬೇಕು. ಜೋಡಿಸಿದವರು 'ಕೈ ತೆಗೆದೆ' ಎಂದು ಬಾಯಿಬಿಟ್ಟು ಹೇಳುವ ತನಕ ಹಿಡಿ ಅಲ್ಲಾಡುವಂತಿಲ್ಲ, ಕೈ ಹೊರಗಿದ್ದದ್ದು ಕಣ್ಣಿಗೆ ಕಂಡರೂ ಇಲ್ಲ. ಅಪ್ಪ ಕೂಡ ಅದನ್ನು ಮೀರಿದವರಲ್ಲ. ಆ ದಿನ ಗಿರಾಕಿಯ ಎದುರಿಗೆ ನನಗೆ ಕೇಳುವ ಹಾಗೆ ಅವರು, ನಾಳೆ ಅಂಗಡಿ ಇವಳ ಕೈಗೇ, ಇವನು ಬೇಕಾದ್ರೆ ಹಿಡಿ ಎಳ್ಕೊಂಡಿರ್ಲಿ, ಎಂದರು. ನಿನಗಾಗ ಹದಿನೇಳು, ನಿನ್ನ ಬೆರಳು ಹಾಳೆ ಎಣಿಸುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ಕಟ್ಟು ಜೋಡಿಸುತ್ತಿದ್ದ ನೀನು ಅಪ್ಪನ ಕಡೆ ತಿರುಗಿ ನಕ್ಕೆ. ನಾನು ಎಳೆದೆ. ನಿನ್ನ ಬಲಗೈಯ ಎರಡು ಬೆರಳು ಹೋದವು. ನೀನು 'ತೆಗೆದೆ' ಎಂದು ಹೇಳಿಯೂ ಮರೆತು ಮತ್ತೆ ಕೈ ಹಾಕಿದೆ ಎಂದು ಎಲ್ಲರೂ ತೀರ್ಮಾನಿಸಿದರು, ನೋವಿನಲ್ಲಿ ಏನೂ ನೆನಪಿಲ್ಲದ ನೀನೂ ಹೂಂ ಎಂದೆ. ಅಪ್ಪ ಬೈಯಲಿಲ್ಲ. ಆದರೆ ಚೂಟಿ ಎಂದು ಕರೆಯುವುದನ್ನು ನಿಲ್ಲಿಸಿದರು. ಅಂಗಡಿ ನನ್ನ ಪಾಲಿಗೆ ಬಂತು. 'ನನಗೆ ಗಮನ ಸಾಲದು' ಎಂದು ನೀನೇ ಎಲ್ಲರ ಹತ್ತಿರ ನಗುತ್ತ ಹೇಳಿಕೊಂಡು ಬಂದೆ, ಎರಡೇ ದಿನಕ್ಕೆ ಕಾರು ಕಲಿಯುವುದನ್ನು ಬಿಟ್ಟೆ, ಕುದಿಯುವ ನೀರನ್ನು ಬೇರೆಯವರ ಕೈಯಲ್ಲೇ ಇಳಿಸಿದೆ.

ಅದಕ್ಕೇ ಆ ಗೆರೆ ನನಗೆ ಅಷ್ಟು ಹಿಡಿಸಿತು. ಎಳೆದದ್ದು ನಾನಲ್ಲ, ಗೆರೆ. ಆದರೆ ನನ್ನ ತಲೆ ನಿನಗೆ ಗೊತ್ತಲ್ಲ, ಸುಮ್ಮನಿರುವ ಜಾತಿಯದಲ್ಲ. ಮುಂದಿನ ವಾರ ಮತ್ತೆ ಹೋದೆ. ಈ ಸಲ ಕೆಂಪು ದೀಪ ಬಂದರೆ ಒತ್ತಲು ಹೊರಟ ಕೈಯನ್ನು ತಡೆಯಬೇಕು. ಬಹಳಷ್ಟು ಸಲ ತಡೆದೆ. ಕೊನೇ ಗಳಿಗೆ ಅಂತ ಒಂದಿದೆ, ಸೆಕೆಂಡಿನ ಐದನೇ ಒಂದು ಪಾಲು ಅಷ್ಟೇ, ಅದು ದಾಟಿದ್ರೆ ಕೈ ಮಾತು ಕೇಳಲ್ಲ, ಅದಕ್ಕೆ ಮುಂಚೆ ಕೇಳುತ್ತೆ, ಎಂದರು ಡಾಕ್ಟರಮ್ಮ. ಅಂಗಡಿಗೆ ಬಂದು ಗಡಿಯಾರ ಇಟ್ಟುಕೊಂಡು ಖಾಲಿ ಮಷೀನಿನ ಹಿಡಿ ಎಳೆದೆ. ಬ್ಲೇಡು ತಳ ಮುಟ್ಟಲು ಹತ್ತಿರ ಹತ್ತಿರ ಎರಡು ಸೆಕೆಂಡು. ಅಷ್ಟರಲ್ಲಿ ಎಷ್ಟು ಸಲ ತಡೆಯಬಹುದಿತ್ತು ಎಂದು ಲೆಕ್ಕ ಹಾಕಲು ಧೈರ್ಯವಾಗಲಿಲ್ಲ. ಆಮೇಲೆ ಬೇರೆ ದಾರಿ ಹುಡುಕಿದೆ. ನನ್ನ ಸಿಟ್ಟು ಅಪ್ಪನ ಮಾತಿನಿಂದ ಬಂತು, ಅಪ್ಪನ ನಾಲಿಗೆ ಅಜ್ಜನಿಂದ ಬಂತು, ಅಜ್ಜನಿಗೆ ಇನ್ಯಾರಿಂದಲೋ. ಹೀಗೆ ಹಿಂದೆ ಹಿಂದೆ ಹೋದರೆ ತಪ್ಪು ಮಾಡಿದವರು ಯಾರೂ ಸಿಗುವುದೇ ಇಲ್ಲ, ಬೆರಳು ಹೋದವಳು ಮಾತ್ರ ಸಿಗುತ್ತಾಳೆ.

ಹಾಳೆ ತುಂಬಿತು. ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಬಾಣಂತಿಗೂ ಆ ಪುಟ್ಟ ಮೂಗಿನವನಿಗೂ ನನ್ನ ಮತ್ತು ನಿನ್ನ ಅತ್ತಿಗೆಯ ಮನಸಾರೆ ಹಾರೈಕೆ. ಮಂಡಿಗೆ ಎಣ್ಣೆ ಹಚ್ಚಿಕೋ, ಸೋಮಾರಿತನ ಮಾಡಬೇಡ.

ನೀನೇ ಹೆಸರಿಟ್ಟ
ಮೊದ್ದಣ್ಣ

ತಾ.ಕ.: ಅಂಟಿಸಿದ್ದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ, ಅಂಚೆಯವನು ಬೀದಿಯ ತುದಿಗೆ ಬಂದಾಗಿದೆ. ನೀನು 'ಕೈ ತೆಗೆದೆ' ಎನ್ನಲಿಲ್ಲ, ಚೂಟಿ. ನಾನು ಕಾಯಲಿಲ್ಲ. ನಿನ್ನನ್ನು ಆಸ್ಪತ್ರೆಗೆ ಸೇರಿಸಿ ಬಂದು ಅಪ್ಪ ಕೇಳಿದರು, 'ಹೇಳಿದ್ಲೇನೋ ಅವಳು?' ನಾನು ಮಷೀನು ಒರೆಸುತ್ತ ಹೋದೆ. ಅವರು ಒಳಗೆ ಹೋಗಿ ಕೈ ತೊಳೆದುಕೊಂಡರು, ನೀರು ಕುಡಿದರು, ಬಂದು ಕುರ್ಚಿ ಎಳೆದುಕೊಂಡು ಕೂತು ಮತ್ತೆ ಕೇಳಿದರು. ಅಷ್ಟು ಹೊತ್ತೂ ಯೋಚಿಸಿ, ಎರಡನ್ನೂ ತೂಗಿ ನೋಡಿ, 'ಹೇಳಿದ್ಲು' ಎಂದೆ. ಹಿಡಿ ಎಳೆದವರು ಯಾರೆಂದು ಡಾಕ್ಟರಮ್ಮ ನಿಧಾನವಾಗಿ ಕಂಡುಹಿಡಿಯಲಿ, ಆ ಮಾತು ಮಾತ್ರ ನಾನೇ ಆಡಿದ್ದು. ಆಮೇಲೆ ನಲವತ್ಮೂರು ವರ್ಷ ದಿನಾ ಆಡುತ್ತ ಬಂದೆ. ನಿನ್ನ ಗಮನ ಯಾವತ್ತೂ ತಪ್ಪಿರಲಿಲ್ಲ. ಈ ಕಾಗದ ಕೆಳಗಿಟ್ಟು ಮೊದಲು ಹೋಗಿ ಮಗುವನ್ನು ಎತ್ತಿಕೋ, ನಿಂತುಕೊಂಡೇ ಎತ್ತಿಕೋ. ನನ್ನನ್ನು ಏನು ಮಾಡಬೇಕೆಂದು ಆಮೇಲೆ ಯೋಚಿಸು.