ಹತ್ತು ಸಾವಿರದ ಕಲ್ಲಿನಿಂದ ಒಂದು ಅಂಕ ವಾಪಸ್ ತೆಗೆದುಕೊಳ್ಳಿ

ಮಾನ್ಯ ಕ್ರೀಡಾ ಪ್ರಾಧಿಕಾರದ ಅಧ್ಯಕ್ಷರೇ,

ನನ್ನ ತಂಗಿಗೆ ನೀವು ಒಂದು ಅಂಕ ಹೆಚ್ಚು ಕೊಟ್ಟಿದ್ದೀರಿ. ದಯವಿಟ್ಟು ವಾಪಸ್ ತೆಗೆದುಕೊಳ್ಳಿ.

ಇಂಥ ದೂರು ನಿಮ್ಮ ಕಚೇರಿಗೆ ಬಂದದ್ದು ಇದೇ ಮೊದಲಿರಬೇಕು. ಕೊಡಲಿಲ್ಲ ಎಂದು ಕೂಗಾಡುವವರನ್ನು ಸಾಗಹಾಕುವುದು ನಿಮ್ಮ ಸಿಬ್ಬಂದಿಗೆ ನೀರು ಕುಡಿದಷ್ಟು ಸಲೀಸು. ಕೊಟ್ಟದ್ದು ಹೆಚ್ಚಾಯಿತು ಎಂದು ಬಂದವಳನ್ನು ಯಾವ ಕಿಟಕಿಗೆ ಕಳಿಸಬೇಕೆಂದು ತಿಳಿಯದೆ, ಪಾಪ, ಅವರು ನನ್ನನ್ನು ನಾಲ್ಕು ಸಲ ಮೂರನೇ ಮಹಡಿಗೆ ಹತ್ತಿಸಿ ಇಳಿಸಿದರು. ಲಿಫ್ಟ್ ಕೆಟ್ಟಿತ್ತು. ಅದಕ್ಕೇ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಮೆಟ್ಟಿಲು ಹತ್ತಬೇಕಾಗಿಲ್ಲ.

ನನ್ನ ತಂಗಿ ಹದಿನೇಳು ವರ್ಷ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಡಿ, ಹನ್ನೊಂದು ವರ್ಷದ ಹಿಂದೆ ಎಡ ಮೊಣಕಾಲು ಕೈಕೊಟ್ಟಾಗ ನಿವೃತ್ತಳಾದವಳು. ಅಭಿಮಾನಿಗಳು ಅವಳನ್ನು 'ಏಣಿ' ಎನ್ನುತ್ತಿದ್ದರು. ನಾನು ಆ ಏಣಿಯ ಭುಜಕ್ಕೂ ಬಾರದ ಅಕ್ಕ. ಅಂಕಣದ ಪಕ್ಕದ ಮೇಜಿನಲ್ಲಿ ಕೂತು ಇಪ್ಪತ್ತಾರು ವರ್ಷ ಸ್ಕೋರ್ ಶೀಟ್ ಬರೆದವಳು. ಅಕ್ಕನ ಪೆನ್ನಿನಿಂದ ತಂಗಿಗೆ ನಾಲ್ಕು ಅಂಕ ಉದುರದೆ ಇರುತ್ತದೆಯೇ ಎಂದು ಎದುರಾಳಿ ತಂಡದವರು ಗೊಣಗುತ್ತಿದ್ದರು. ಅವರ ಬಾಯಿ ಮುಚ್ಚಿಸುವುದಕ್ಕೆಂದೇ ಅವಳ ಪಂದ್ಯವಿದ್ದ ದಿನ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದೆ.

ಮೂರು ತಿಂಗಳ ಹಿಂದೆ ನೀವು ಅವಳಿಗೆ ಸನ್ಮಾನ ಮಾಡಿದಿರಿ. ಆಹ್ವಾನ ಪತ್ರಿಕೆಯಲ್ಲಿ 'ವೃತ್ತಿಜೀವನದ ಮೈಲಿಗಲ್ಲುಗಳ ಅನಾವರಣ' ಎಂದಿತ್ತು. ಅದೊಂದು ಮಾತಿನ ಅಲಂಕಾರ ಎಂದುಕೊಂಡು ಬಂದೆವು. ಬಂದು ನೋಡಿದರೆ ಕ್ರೀಡಾಂಗಣದ ಗೇಟಿನಿಂದ ಅಂಕಣದ ಬಾಗಿಲಿನವರೆಗೆ ನಿಜವಾಗಿಯೂ ಐದು ಮೈಲಿಗಲ್ಲು! ಹೆದ್ದಾರಿಯಲ್ಲಿರುವಂಥವೇ. ಗುಂಡು ತಲೆ, ತಲೆಗೆ ಹಳದಿ ಬಣ್ಣ, ಕೆಳಗೆ ಕಪ್ಪು ಅಕ್ಷರ. ಯಾರೋ ಪದಕೋಶ ತೆರೆದು, ಅರ್ಥ ನೋಡಿ, ಕಲ್ಲು ಕುಟ್ಟುವವರಿಗೆ ಹೇಳಿ ಕಳಿಸಿದ್ದಾರೆ. ಪುಣ್ಯಕ್ಕೆ ಆಹ್ವಾನದಲ್ಲಿ ಅವಳನ್ನು 'ತಾರೆ' ಎಂದು ಬರೆದಿರಲಿಲ್ಲ. ಬರೆದಿದ್ದರೆ ಚಾವಣಿಗೆ ತೂಗುಹಾಕುತ್ತಿದ್ದಿರೇನೋ.

ಜನರ ಭಾಷೆಯಲ್ಲೇ ಕೆತ್ತಿಸಬೇಕೆಂಬ ನಿಮ್ಮ ಕಾಳಜಿಯನ್ನು ನಾನು ಮೆಚ್ಚುತ್ತೇನೆ. ಆದರೆ ಮೊದಲ ಕಲ್ಲು, ನನ್ನ ತಂಗಿ 'ಮೂರು ಸಾವಿರದ ನೂರ ಹನ್ನೆರಡು ಬಾರಿ ಸಹಾಯಕಿಯಾಗಿ ಸೇವೆ ಸಲ್ಲಿಸಿದ್ದಾರೆ' ಎನ್ನುತ್ತದೆ. ಅವಳು ಯಾವ ಕಚೇರಿಯಲ್ಲೂ ಸಹಾಯಕಿಯಾಗಿರಲಿಲ್ಲ, ಸ್ವಾಮಿ. ಜೊತೆಗಾರ್ತಿ ಬುಟ್ಟಿಗೆ ಹಾಕುವಂತೆ ಚೆಂಡು ಒದಗಿಸಿದ್ದನ್ನು ಆಟದಲ್ಲಿ ಅಸಿಸ್ಟ್ ಎನ್ನುತ್ತಾರೆ. ಒಂದೇ ಪಂದ್ಯದಲ್ಲಿ ಅಂಕ, ಅಸಿಸ್ಟ್‌ನಂಥ ಎರಡು ಲೆಕ್ಕಗಳಲ್ಲಿ ಹತ್ತು ಮುಟ್ಟಿದರೆ ಅದು 'ಡಬಲ್ ಡಬಲ್'. ಎರಡನೆಯ ಕಲ್ಲಿನಲ್ಲಿ ಅದನ್ನು ಬೆರಳಚ್ಚಿನ ದೋಷವೆಂದು ತಿಳಿದ ಯಾರೋ ಪ್ರಾಮಾಣಿಕರು ಒಂದು ಡಬಲ್ ಹೊಡೆದುಹಾಕಿದ್ದಾರೆ. ಮೂರನೆಯದರ ಮುಂದೆ ನಮ್ಮಮ್ಮ ನಿಂತುಬಿಟ್ಟಳು. ಹೊಸ ಕನ್ನಡಕ ಹಾಕಿಕೊಂಡು ಬಂದಿದ್ದಳು, ಅದೇ ತಪ್ಪಾಯಿತು.

"ಏನೇ ಇದು? 'ಸಾವಿರದ ಒಂಬೈನೂರ ನಾಲ್ಕು ಕಳ್ಳತನಗಳು' ಅಂತ ಬರ್ದಿದಾರೆ?"

"ಅದು ಸ್ಟೀಲ್ ಅಮ್ಮಾ. ಎದುರಾಳಿ ಕೈಯಿಂದ ಚೆಂಡು ಕಿತ್ಕೊಳ್ಳೋದು" ಎಂದೆ.

"ಕಿತ್ಕೊಂಡಿದ್ದು ಗೊತ್ತು ಕಣೇ, ಕೂತು ನೋಡಿದೀನಿ. ಎಲ್ರ ಎದುರಿಗೆ ಕಿತ್ಕೊಂಡ್ರೆ ಅದು ಕಳ್ಳತನ ಹೇಗಾಗತ್ತೆ?"

ಎಂಬತ್ತು ದಾಟಿದ ನಮ್ಮಮ್ಮನಿಗೆ ತಿಳಿದದ್ದು ನಿಮ್ಮ ಅನುವಾದ ಸಮಿತಿಗೆ ತಿಳಿಯಲಿಲ್ಲ. ಇರಲಿ, ಇದನ್ನೆಲ್ಲ ನಾವು ನಕ್ಕು ನುಂಗಿಕೊಂಡೆವು. ತಂಗಿಯಂತೂ ತನ್ನ ಕಳ್ಳತನದ ಕಲ್ಲಿಗೆ ಒರಗಿ ನಿಂತು ಫೋಟೋ ತೆಗೆಸಿಕೊಂಡಳು. ನನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ಐದನೆಯ ಕಲ್ಲು. ಅದರ ಮೇಲೆ 'ಹತ್ತು ಸಾವಿರ ಅಂಕಗಳು' ಎಂದಿದೆ. ಅವಳು ಗಳಿಸಿದ್ದು ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.

ಅಕ್ಷರ ಹೆಚ್ಚಾಯಿತು, ಕಲ್ಲಿನಲ್ಲಿ ಹಿಡಿಸಲಿಲ್ಲ ಎಂದರೆ ಒಪ್ಪಬಹುದಿತ್ತೇನೋ. ನಿಮ್ಮ ಮೂರನೇ ಮಹಡಿಯ ಗುಮಾಸ್ತರು ಬೇರೆಯೇ ಹೇಳಿದರು. "ಒಂದು ಅಂಕ ತಾನೇ ಮೇಡಂ? ಹತ್ತು ಸಾವಿರ ಅಂದ್ರೆ ನೋಡೋಕೂ ಚೆಂದ, ಕೇಳೋಕೂ ಚೆಂದ. ನಿಮ್ಮ ತಂಗಿಗೇ ತಾನೇ ಒಳ್ಳೇದು?" ಆ ಒಂದು ಅಂಕ ಏನೆಂದು ಅವರಿಗೆ ಹೇಳಲಿಲ್ಲ. ಹಿಂದೆ ಸಾಲು ಉದ್ದವಿತ್ತು. ನಿಮಗೆ ಹೇಳುತ್ತೇನೆ.

ಅವಳ ಕೊನೆಯ ಪಂದ್ಯ. ತಂಡ ಗೆಲ್ಲುವುದು ಆಗಲೇ ಖಚಿತವಾಗಿತ್ತು, ಜನ ಕಾಯುತ್ತಿದ್ದದ್ದು ಅವಳ ಹತ್ತು ಸಾವಿರಕ್ಕೆ. ಇನ್ನು ಮೂರೇ ಅಂಕ ಬೇಕಿತ್ತು. ಕೊನೆಯ ಕ್ಷಣದಲ್ಲಿ ದೂರದ ಗೆರೆಯ ಹತ್ತಿರ ಚೆಂಡು ಅವಳ ಕೈಗೆ ಬಂತು. ಎಸೆದಳು. ಚೆಂಡು ಗಾಳಿಯಲ್ಲಿದ್ದಾಗಲೇ ಸಮಯ ಮುಗಿದ ಹಾರ್ನ್ ಕೂಗಿತು, ಚೆಂಡು ಬಲೆಯೊಳಗೆ ಬಿತ್ತು. ಅಂಕ ತೋರಿಸುವ ಫಲಕದ ಗುಂಡಿ ಒತ್ತುವವರು ಉತ್ಸಾಹ ತಡೆಯಲಾರದೆ ಮೂರು ಒತ್ತಿದರು. ಮೈಕಿನವರು ಹತ್ತು ಸಾವಿರ ಎಂದು ಅರಚಿದರು. ಮೇಲಿನಿಂದ ಬಲೂನು ಸುರಿದವು. ಎಲ್ಲರೂ ತಂಗಿಯನ್ನು ನೋಡುತ್ತಿದ್ದರು. ನಾನು ನೋಡಬೇಕಾದದ್ದು ರೆಫರಿಯನ್ನು. ಅವರು ಎತ್ತಿ ಹಿಡಿದದ್ದು ಎರಡು ಬೆರಳು.

ನಮ್ಮ ಕಸುಬು ಬಹಳ ಸಣ್ಣದು. ಎರಡು ಅಂಕವಾದರೆ ಒಂದು ಓರೆ ಗೀಟು. ಗೆರೆಯ ಆಚೆಯಿಂದ ಹಾಕಿದ ಮೂರು ಅಂಕವಾದರೆ ಗೀಟಿನ ಪಕ್ಕದ ಆಟಗಾರ್ತಿಯ ನಂಬರಿಗೆ ಒಂದು ಸುತ್ತು. ಅಷ್ಟೇ. ನಾನು ಗೀಟು ಎಳೆದೆ. ಸುತ್ತು ಹಾಕಲಿಲ್ಲ. ಫಲಕಕ್ಕೂ ಹಾಳೆಗೂ ತಾಳೆಯಾಗದಿದ್ದರೆ ಹಾರ್ನ್ ಒತ್ತಿ ರೆಫರಿಯನ್ನು ಮೇಜಿಗೆ ಕರೆಯಬೇಕು. ಒಡಹುಟ್ಟಿದವಳನ್ನು ಜನ ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುತ್ತಿರುವಾಗ ನಾನು ಹಾರ್ನ್ ಒತ್ತಿದೆ.

"ಏನಮ್ಮಾ?" ಎಂದರು ರೆಫರಿ.

"ಸರ್, ನೀವು ತೋರ್ಸಿದ್ದು ಎರಡಾ, ಮೂರಾ?"

"ಎರಡು. ಗೆರೆ ತುಳಿದ್ಲು."

"ಬೋರ್ಡಲ್ಲಿ ಮೂರಿದೆ ಸರ್."

ಅವರು ಬಲೂನುಗಳನ್ನು ನೋಡಿದರು, ತಂಗಿಯನ್ನು ನೋಡಿದರು. "ನೀನು ಅವಳ ಅಕ್ಕ ಅಲ್ವೇನಮ್ಮಾ?"

"ಮನೇಲಿ ಅಕ್ಕ ಸರ್. ಇಲ್ಲಿ ಮೇಜು."

ಅವರು ಸಹಿ ಹಾಕಿದರು. ಮೈಕಿನವರು ತಪ್ಪು ತಿದ್ದಿಕೊಂಡು ಹೇಳಿದಾಗ ಅಷ್ಟು ದೊಡ್ಡ ಕ್ರೀಡಾಂಗಣದಲ್ಲಿ ಬಲೂನು ಒಡೆಯುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ತಂಗಿ ಮೊಣಕಾಲಿಗೆ ಐಸ್ ಇಟ್ಟುಕೊಂಡು ಕೂತಿದ್ದಳು. "ನಿನ್ನ ಕಣ್ಣಿಗೆ ನನ್ನ ಕಾಲಿನ ಹೆಬ್ಬೆರಳೇ ಕಾಣಿಸ್ಬೇಕಿತ್ತೇನೇ?" ಎಂದಳು. ಕಂಡದ್ದು ರೆಫರಿಗೆ, ನಾನು ಬರೆದೆ ಅಷ್ಟೇ ಎಂದೆ. "ಬರ್ದಿದ್ದು ನಿನ್ನ ಕೈ ತಾನೇ?" ಎಂದು ಮುಖ ತಿರುಗಿಸಿದಳು. ಎಂಟು ತಿಂಗಳು ನನ್ನ ಜೊತೆ ಮಾತಿಲ್ಲ. ಅಮ್ಮನ ಕಣ್ಣಿನ ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನ ಮೇಲೆ "ಕಾಫಿ ಕುಡೀತೀಯಾ?" ಎಂದು ಕೇಳಿದಳು, ಮಾತು ಮತ್ತೆ ಶುರುವಾಯಿತು. ಆ ಅಂಕದ ಸುದ್ದಿಯನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ನನಗೆ ಅವಳ ಮೇಲೆ ಪ್ರೀತಿ ಕಡಿಮೆಯೇ ಎಂದು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ, ಅಧ್ಯಕ್ಷರೇ. ಕಡಿಮೆಯಿದ್ದಿದ್ದರೆ ಹಾರ್ನ್ ಒತ್ತುವ ಮುನ್ನ ಹಾಳೆಯನ್ನು ಮೂರು ಸಲ ನೋಡುತ್ತಿರಲಿಲ್ಲ.

ಈಗ ನಿಮ್ಮ ಕಲ್ಲು ಸುಳ್ಳು ಹೇಳುತ್ತಿದೆ ಎಂದು ನಾನು ಸುಮ್ಮನಿರಲಾರದೆ ನಿಮಗೊಂದು ಕಾಗದ ಬರೆದೆ. ಆಗ ತಂಗಿಯನ್ನು ನಿಮ್ಮ ಬಾಲಕಿಯರ ತಂಡಕ್ಕೆ ತರಬೇತುದಾರಳಾಗಿ ನೇಮಿಸುವ ಕಡತ ನಿಮ್ಮ ಮೇಜಿನ ಮೇಲಿತ್ತು, ನಿಮ್ಮ ಸಹಿಯೊಂದು ಬಾಕಿ. ಮೊಣಕಾಲು ಹೋದ ಮೇಲೆ ಅವಳು ಬಯಸಿದ್ದು ಇದೊಂದನ್ನೇ. ನನ್ನ ಕಾಗದ ತಲುಪಿದ ಆರನೇ ದಿನ ಕಡತ ನಿಂತುಹೋಯಿತು, ಏಳನೇ ದಿನ ನನಗೆ ಉತ್ತರ ಬಂತು: 'ಸದರಿ ಶಿಲೆಗೂ ಸದರಿ ಅಂಕಪಟ್ಟಿಗೂ ಒಂದು ಅಂಕದ ವ್ಯತ್ಯಾಸ ಕಂಡುಬಂದಿದ್ದು, ಶಿಲೆಯು ಈಗಾಗಲೇ ಅಧ್ಯಕ್ಷರಿಂದ ಅನಾವರಣಗೊಂಡಿರುವುದರಿಂದ ಅದರ ತಿದ್ದುಪಡಿಗೆ ಅವಕಾಶವಿರುವುದಿಲ್ಲ. ಆದಕಾರಣ ತಾವು ಅಂಕಪಟ್ಟಿಯನ್ನು ಶಿಲೆಗೆ ಅನುಗುಣವಾಗಿ ಸರಿಪಡಿಸಿ, ತಮ್ಮ ಕಣ್ತಪ್ಪೆಂದು ದೃಢೀಕರಿಸಿ ಸಹಿ ಮಾಡತಕ್ಕದ್ದು. ತದನಂತರ ನೇಮಕಾತಿಯನ್ನು ಪರಿಶೀಲಿಸಲಾಗುವುದು.'

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಕೇಳಿದ್ದೆ, ಲೆಟರ್‌ಹೆಡ್ ಮೇಲೆ ನೋಡಿರಲಿಲ್ಲ. ವರ್ಷಕ್ಕೆ ನೂರಾರು ಸುತ್ತೋಲೆ ಹೊರಡಿಸುವ ನಿಮಗೆ ನನ್ನಿಂದ ಒಂದು ಸುತ್ತು ಹಾಕಿಸುವುದು ಯಾವ ಲೆಕ್ಕ? ಮೂರು ಅಂಕಕ್ಕೆ ಹಾಕುವ ಸುತ್ತು, ಹನ್ನೊಂದು ವರ್ಷ ತಡವಾಗಿ. ಅಂದು ಎರಡು ಬೆರಳು ಎತ್ತಿದ ರೆಫರಿ ಈಗಿಲ್ಲ, ತಕರಾರು ಮಾಡಲು ಎದ್ದು ಬರುವುದಿಲ್ಲ. ಉತ್ತರದ ಜೊತೆ ನೀವು ಕಳಿಸಿದ್ದ ದೃಢೀಕರಣದ ಅರ್ಜಿಯನ್ನು ನಾಲ್ಕು ದಿನ ಊಟದ ಮೇಜಿನ ಮೇಲೆ ಇಟ್ಟುಕೊಂಡು ಕೂತೆ. ಒಮ್ಮೆ ಅವಳ ಸಂತೋಷ ಕಸಿದವಳು ಈಗ ಅವಳ ಕೆಲಸವನ್ನೂ ಕಸಿಯಲೇ ಎಂದು ಐದನೇ ದಿನ ಪೆನ್ನು ತೆಗೆದೆ. ನಿಜ ಹೇಳುತ್ತೇನೆ, ಮುಚ್ಚಳ ತೆಗೆದಿದ್ದೆ. ಅಷ್ಟರಲ್ಲಿ ತಂಗಿ ಬಾಗಿಲಿಗೆ ತಲೆ ಬಗ್ಗಿಸಿಕೊಂಡು ಒಳಗೆ ಬಂದಳು, ಅರ್ಜಿ ಓದಿದಳು.

"ಸಹಿ ಹಾಕ್ಬೇಡ ಕಣೇ."

"ನಿನ್ನ ಕೆಲಸ?"

"ಸುಳ್ಳು ಹತ್ತು ಸಾವಿರ ಇಟ್ಕೊಂಡು ಆ ಮಕ್ಕಳಿಗೆ ಗೆರೆ ತುಳೀಬೇಡಿ ಅಂತ ಯಾವ ಬಾಯಲ್ಲಿ ಹೇಳ್ಲಿ?" ಆಮೇಲೆ ನನ್ನ ಪೆನ್ನಿಗೆ ತಾನೇ ಮುಚ್ಚಳ ಹಾಕಿಟ್ಟಳು. "ಅಕ್ಕಾ, ಅವತ್ತು ಗೆರೆ ತುಳ್ದಿದ್ದು ನಂಗೆ ಗೊತ್ತಿತ್ತು. ಎಸೆಯೋಕ್ ಮುಂಚೇನೇ ಕಾಲಿಗೆ ಗೊತ್ತಾಗ್ಬಿಡತ್ತೆ. ನಿನ್ನ ಮೇಲೆ ಸುಮ್ಸುಮ್ನೆ ಕೋಪ ಮಾಡ್ಕೊಂಡೆ."

ಹನ್ನೊಂದು ವರ್ಷ ಕಾದು ನಾನು ಕೇಳಿಸಿಕೊಂಡ ಮಾತು ಇದು. ನಿಮ್ಮ ಐದು ಕಲ್ಲುಗಳನ್ನು ಇದರ ಪಕ್ಕದಲ್ಲಿ ನಿಲ್ಲಿಸಿ ನೋಡಿ.

ಆದ್ದರಿಂದ ನನ್ನ ಬೇಡಿಕೆ. ನಮ್ಮ ಹಾಳೆಯಲ್ಲಿ ತಪ್ಪಾದರೆ ಅದನ್ನು ಕೆರೆದು ಅಳಿಸುವಂತಿಲ್ಲ. ತಪ್ಪಿನ ಮೇಲೆ ಒಂದು ಗೀಟು ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಅಧಿಕಾರವುಳ್ಳವರು ಸಹಿ ಹಾಕಬೇಕು. ಐದನೆಯ ಕಲ್ಲಿಗೂ ಹಾಗೆಯೇ ಮಾಡಿಸಿ. ಹತ್ತು ಸಾವಿರದ ಮೇಲೆ ಒಂದು ಗೀಟು, ಪಕ್ಕದಲ್ಲಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು, ಕೆಳಗೆ ನಿಮ್ಮ ಸಹಿ. ಆ ದಾರಿಯಲ್ಲಿ ದಿನಾ ಓಡಿ ಬರುವ ಹುಡುಗಿಯರು ನೋಡಲಿ, ದೊಡ್ಡವರೂ ತಪ್ಪು ತಿದ್ದಿಕೊಳ್ಳುತ್ತಾರೆ ಎಂದು. ಕೈ ತೊಳೆಯುವ ಮುನ್ನ ಅದೇ ಪೆನ್ನಿನಿಂದ ಅವರ ತರಬೇತುದಾರಳ ಕಡತಕ್ಕೂ ಸಹಿ ಹಾಕಿಬಿಡಿ. ನಿಮ್ಮ ಅರ್ಜಿಯನ್ನು ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ, ಸಹಿಯ ಜಾಗ ಖಾಲಿಯಿದೆ.

ಕಳ್ಳತನದ ಕಲ್ಲನ್ನು ಮಾತ್ರ ಮುಟ್ಟಬೇಡಿ. ಅದು ತಂಗಿಗೆ ತುಂಬ ಹಿಡಿಸಿದೆ.

ಇಂತಿ,
ಮನೆಯಲ್ಲಿ ಅಕ್ಕ, ಮೇಜಿನಲ್ಲಿ ಮೇಜು
(ಆ ಒಂದು ಸುತ್ತು ಹಾಕದೆ ನಿವೃತ್ತಳಾದವಳು)