ಕೊನೆಯ ಕಕ್ಷಿದಾರಳಿಗೆ

ಯಲಹಂಕ, ಗುರುವಾರ

ಹುಣಸಮಾರನಹಳ್ಳಿಯ ಲಕ್ಷ್ಮಿದೇವಮ್ಮನವರಿಗೆ ನಿಮ್ಮ ವಕೀಲೆ ಹರಿಪ್ರಿಯಾಳ ನಮಸ್ಕಾರ.

ಹೌದು, ಸುದ್ದಿ ನಿಜ! ಏಳು ವರ್ಷ ವಕೀಲಿಕೆ ಮಾಡಿದ ಮೇಲೆ ವಿದೇಶಾಂಗ ಸೇವೆಗೆ ಆಯ್ಕೆಯಾಗಿದ್ದೇನೆ. ಇನ್ನು ಮುಂದೆ ದೇಶದ ಪರವಾಗಿ ಮಾತನಾಡುವ ಕೆಲಸ. ಖುಷಿಗೆ ಎರಡು ದಿನದಿಂದ ಊಟ ಸೇರುತ್ತಿಲ್ಲ.

"ನೀನ್ ದೇಶ ಬಿಟ್ಟೋದ್ರೆ ನನ್ ಕೇಸ್ ಯಾರಮ್ಮ ನೋಡೋರು?" ಎಂದಿರಂತೆ, ನಿಮ್ಮ ಮಗಳು ರಮ್ಯ ಹೇಳಿದಳು. ಮುಂದಿನ ವಾದವನ್ನು ನಮ್ಮ ಹಿರಿಯ ವಕೀಲರಾದ ಜಯಸಿಂಹ ಮಾಡುತ್ತಾರೆ. ಆದರೆ ನಿಮ್ಮ ಉಳಿದ ಸಾಕ್ಷ್ಯ ಸೋಮವಾರವೇ ಇದೆ. ನಾನು ಕರಿ ಕೋಟು ಹಾಕುವ ಕೊನೆಯ ದಿನವೂ ಅದೇ.

ಹತ್ತೂವರೆಗೆ ಕೋರ್ಟಿಗೆ ಬನ್ನಿ, ಆಧಾರ್ ತನ್ನಿ. ಹೋದ ಸಲ, ಅಪ್ಪನ ಜಮೀನಿನಲ್ಲಿ ಪಾಲು ಬೇಕೇ ಎಂದು ಕೇಳಿದಾಗ, ನೀವು ಅಣ್ಣನ ಮುಖ ನೋಡಿ ಸುಮ್ಮನಾದಿರಿ. ಈ ಸಲ ನನ್ನ ಮುಖ ನೋಡಿಕೊಂಡು ಉತ್ತರ ಕೊಡಿ.

ಸೋಮವಾರದವರೆಗೂ ನಿಮ್ಮ ವಕೀಲೆ,
ಹರಿಪ್ರಿಯಾ