ಎಳೆ ಕಡಿದಾಗ ಮಾಡುವ ಸನ್ನೆ

ಜುಲೈ ೯, ಬುಧವಾರ

ನನ್ನ ಸಿಡುಕುಮೂತಿ ಮಗಳಿಗೆ,

ಅಮ್ಮನ ಆಶೀರ್ವಾದ. ನಾನು ಆರಾಮವಾಗಿದ್ದೇನೆ. ನೀನು ಅಷ್ಟು ಸಿಟ್ಟು ಮಾಡಿಕೊಂಡಿದ್ದೀಯ ಎಂದರೆ ಆರೋಗ್ಯವಾಗಿಯೇ ಇದ್ದೀಯ. ನಿನ್ನ ಕಾಗದಕ್ಕೆ ಉತ್ತರ ಬರೆಯಲು ಹತ್ತು ದಿನ ತಡವಾಯಿತು, ತಪ್ಪಾಯಿತು. ಮೂರು ಸಲ ಬರೆದು ಮೂರು ಸಲ ಹರಿದೆ. ಬೈಗುಳ ಜಾಸ್ತಿಯಾಗಿತ್ತು. ಫೋನಿನಲ್ಲಿ ಮಾತಾಡೋಣವೆಂದರೆ ನನ್ನ ಕಿವಿಯ ಕಥೆ ನಿನಗೆ ಗೊತ್ತೇ ಇದೆ.

ಪಕ್ಕದ ಮನೆಯ ಟೈಲರಮ್ಮ, ನಿನ್ನ ಮಗಳು ಗುಂಡಮ್ಮನ ಹಳೆ ಫ್ರಾಕಿನ ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟಿದ್ದಾಳೆ. "ಮಗು ಎಲ್ರೀ, ಕಾಣಿಸ್ತಾನೇ ಇಲ್ಲ?" ಎಂದು ದಿನಾ ಕೇಳುತ್ತಾಳೆ. ಏನು ಹೇಳಲಿ? ಹಗಲೆಲ್ಲ ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದ ಅಜ್ಜಿಗೆ 'ಕೈಸನ್ನೆ ನಿಲ್ಲಿಸೋವರೆಗೂ ಮಗುನ ಕಳಿಸಲ್ಲ' ಎಂದು ಮಗಳು ಬರೆದಿದ್ದಾಳೆ ಎನ್ನಲೇ?

ಸರಿ, ಕೇಳು. ನಿಲ್ಲಿಸುವುದಿಲ್ಲ.

ಇಪ್ಪತ್ತೆಂಟು ವರ್ಷ ನೇಯ್ಗೆ ಮಿಲ್ಲಿನಲ್ಲಿ ನಿಂತವಳು ನಾನು. ಅರವತ್ತು ಮಗ್ಗ ಒಟ್ಟಿಗೆ ಬಡಿಯುವಾಗ ಬಾಯಿ ಇದ್ದೂ ಉಪಯೋಗವಿಲ್ಲ. ಅಲ್ಲಿ ನಾವೆಲ್ಲ ಕೈಯಲ್ಲೇ ಮಾತಾಡುತ್ತಿದ್ದೆವು. ಮೇಸ್ತ್ರಿ ಬಂದ ಎನ್ನಲು ಇಲ್ಲದ ಮೀಸೆ ತಿರುವುವುದು. ಎಳೆ ಕಡಿದಿದೆ, ಬೇಗ ಬಾ ಎನ್ನಲು ಎರಡು ತೋರುಬೆರಳು ಕೂಡಿಸಿ ಪಟಕ್ಕನೆ ಬೇರೆ ಮಾಡುವುದು. ಅದರಲ್ಲೇ ಜಗಳವಾಡಿದೆವು, ಗಂಡು ಹೆಣ್ಣಿನ ಸಂಬಂಧ ಕುದುರಿಸಿದೆವು, ಮೇಸ್ತ್ರಿಯನ್ನು ಅವನೆದುರಿಗೇ ಆಡಿಕೊಂಡು ನಕ್ಕೆವು. ಬಾಯಾಡದವರ ತಲೆ ಖಾಲಿಯಾಗಿದ್ದರೆ ಇದೆಲ್ಲ ಆಗುತ್ತಿತ್ತೇ? ಈಗ ಗುಂಡಮ್ಮನಿಗೆ ಉಣ್ಣಿಸುವಾಗ, ಮೈ ಒರೆಸುವಾಗ ನನ್ನ ಬಾಯಿಯೂ ಆಡುತ್ತದೆ, ಕೈಯೂ ಆಡುತ್ತದೆ.

ಹದಿನಾಲ್ಕು ತಿಂಗಳಾದರೂ ಒಂದು ಮಾತು ಬಂದಿಲ್ಲ, ಅದಕ್ಕೆ ನನ್ನ ಕೈಯೇ ಕಾರಣ ಎಂದು ಬರೆದಿದ್ದೀಯ. ಡಾಕ್ಟರು "ಕಿವಿ ಚೆನ್ನಾಗಿದೆ, ಮಗು ಚುರುಕಾಗಿದೆ, ಇನ್ನೊಂದು ನಾಲ್ಕು ತಿಂಗಳು ನೋಡೋಣ" ಅಂದರಂತೆ. ಅಳಿಯಂದಿರು ಮಾತ್ರ "ಸನ್ನೇಲೇ ಎಲ್ಲಾ ಸಿಕ್ಕಿದ್ರೆ ಬಾಯಿ ಯಾಕೆ ಬಿಡ್ತಾಳೆ?" ಅಂದರಂತೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ, ಮುಂದಿನದನ್ನು ಜೋರಾಗಿ ಓದಿ ಹೇಳು.

ಹೋದ ತಿಂಗಳು ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತು. ಚಾಪೆಯ ಮೇಲೆ ಕೂತಿದ್ದ ಗುಂಡಮ್ಮ ತಲೆಯೆತ್ತಿ ಅದನ್ನೇ ನೋಡಿದಳು. ನನ್ನ ಕಡೆ ತಿರುಗಿ ಎರಡು ಬೆರಳು ಕೂಡಿಸಿ ಬೇರೆ ಮಾಡಿದಳು. ಎಳೆ ಕಡಿದಿದೆ! ಅಯ್ಯೋ ನನ್ನ ಬಂಗಾರಿ! ಅವಳೆದುರು ನಾನು ಆ ಸನ್ನೆ ಮಾಡಿದ್ದು ಹೊಲಿಯುವಾಗ ದಾರ ತುಂಡಾದರೆ ಮಾತ್ರ. ಫ್ಯಾನಿಗೆ ಎಲ್ಲಿಯ ದಾರ? ಓಡುತ್ತಿದ್ದದ್ದು ನಿಂತುಹೋಯಿತು, ಸರಿಮಾಡಿ ಎಂದು ಆ ಪುಟ್ಟ ತಲೆ ತಾನೇ ಹೊಂದಿಸಿಕೊಂಡಿದೆ. ಮಾತು ಬರುವ ಮೊದಲೇ ಒಳಗೆ ಯೋಚನೆ ನಡೆಯುತ್ತಿದೆ, ಟೀಚರಮ್ಮ! ಹೊರಗೆ ಬರಲು ಅದಕ್ಕೊಂದು ಬಾಗಿಲು ಬೇಕಿತ್ತು, ಕೈ ಸಿಕ್ಕಿತು. ಅದನ್ನೇ ಮುಚ್ಚು ಅನ್ನುತ್ತೀಯಲ್ಲ, ನಿನಗೇನು ಬಂದಿದೆ?

ಇನ್ನೂ ಕೇಳು. ಅಂದಿನಿಂದ ದಿನಾ ಬೆಳಿಗ್ಗೆ ನೀನು ಅವಳನ್ನು ನನ್ನ ಸೊಂಟಕ್ಕೆ ದಾಟಿಸಿ ಸ್ಕೂಲಿಗೆ ಹೊರಟಾಗ ಬೆರಳು ಆಡಿಸುತ್ತಿದ್ದಳಲ್ಲ? "ಟಾಟಾ ಮಾಡೋಕೂ ಸರಿಯಾಗಿ ಬರಲ್ಲ ಇವಳಿಗೆ" ಎಂದು ನೀನು ನಕ್ಕು ಮೆಟ್ಟಿಲಿಳಿಯುತ್ತಿದ್ದೆ. ಟಾಟಾ ಎಲ್ಲಿ ಬಂತು ಕಣೇ! ಎಳೆ ಕಡಿದಿದೆ, ಬೇಗ ಬಾ ಎನ್ನುತ್ತಿದ್ದಳು. ನಿನ್ನ ಮಗಳು ನಿನ್ನ ಜೊತೆ ಮಾತಾಡುತ್ತಲೇ ಇದ್ದಾಳೆ, ನೀನು ಕೇಳಿಸಿಕೊಂಡಿಲ್ಲ.

ಕೈ ಕಟ್ಟಿಕೊಂಡು ಮಗು ಸಾಕುವುದು ನನ್ನಿಂದಾಗದು. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಿರುತ್ತದೆ. ಕರೆದುಕೊಂಡು ಬಂದರೆ ಬಾಯಲ್ಲೂ ಮಾತಾಡಿಸುತ್ತೇನೆ, ಕೈಯಲ್ಲೂ ಮಾತಾಡಿಸುತ್ತೇನೆ. ಬರದಿದ್ದರೆ ನಾನೇ ಬಂದು ನಿಮ್ಮ ಮನೆಯೆದುರಿನ ಫುಟ್‌ಪಾತಿನಲ್ಲಿ ನಿಂತು ಕಿಟಕಿಗೆ ಕೈ ಮಾಡುತ್ತೇನೆ. ಬೀದಿಯವರೆಲ್ಲ ನೋಡಿ ನಗಲಿ, ನನಗೇನು? ಗುಂಡಮ್ಮ ಉತ್ತರ ಕೊಡುತ್ತಾಳೆ.

ಅವಳ ಎರಡೂ ಕೈಗೆ ನನ್ನ ಮುತ್ತು. ನೀವೆಲ್ಲ ನೂರು ವರ್ಷ ಬಾಳಿ. ನಿನ್ನ ಸಿಟ್ಟು ಮಾತ್ರ ಭಾನುವಾರದವರೆಗೆ ಬಾಳಿದರೆ ಸಾಕು.

ಇತಿ,
ಯಾರಿಗೂ ಜಗ್ಗದ ನಿನ್ನ ಅಮ್ಮ

ತಾ.ಕ.: ಬರೆಯಲು ಮರೆತಿದ್ದೆ ಎಂದು ಶುರುಮಾಡೋಣವೆಂದುಕೊಂಡೆ. ಮರೆತಿರಲಿಲ್ಲ. ನಿನ್ನ ಮೊದಲ ಮಾತು 'ಅಮ್ಮ' ಎಂದು ಎಷ್ಟು ಸಲ ಹೇಳಿದ್ದೇನೆ ನಿನಗೆ! ನನಗೆ ಅದನ್ನು ಹೇಳಿದ್ದು ನಿಮ್ಮಪ್ಪ. ನಾನು ಆ ಕಡೆ ತಿರುಗಿ ಪಾತ್ರೆ ತೊಳೆಯುತ್ತಿದ್ದೆ. ನೀನು ಹಿಂದೆ ಕೂತು ಕರೆದೆಯಂತೆ, ಮತ್ತೆ ಮತ್ತೆ ಕರೆದೆಯಂತೆ. ಅವರು ಓಡಿಬಂದು "ಮಗು ಕರೀತಿದೆ, ಕೇಳಿಸ್ಲಿಲ್ವಾ?" ಎಂದರು. ಕೇಳಿಸಿತು ಎಂದು ಸುಳ್ಳು ಹೇಳಿದೆ. ಮಗ್ಗ ಆಗಲೇ ನನ್ನ ಕಿವಿ ತಿಂದಿತ್ತು, ಯಾರಿಗೂ ಹೇಳಿರಲಿಲ್ಲ. ನಿನಗೆ ನನ್ನ ಕೈಮಾತು ಕಲಿಸಿದ್ದರೆ ಆ ಕರೆಯನ್ನು ಕಣ್ಣಲ್ಲಾದರೂ ನೋಡುತ್ತಿದ್ದೆ. ಮಿಲ್ಲಿನವಳ ಮಗು ಎಂದು ಜನ ನಗುತ್ತಾರೆಂದು ಹೆದರಿ, ನಿನ್ನೆದುರು ಕೈ ಕಟ್ಟಿಕೊಂಡೇ ಇದ್ದೆ. ಒಂದು ಸಲ ಆಯಿತು. ಇನ್ನೊಂದು ಸಲ ಕಟ್ಟಿಕೊಳ್ಳುವುದಿಲ್ಲ.